ಏರಿನಲ್ಲಿ ಕೇಳಿದ ಫ್ರೀವೀಲ್ ಸದ್ದು

ನಂಬದವರು ಇಲ್ಲಿಗೇ ಬಿಟ್ಟು ಎದ್ದು ಹೋಗಬಹುದು. ನಾನು ಕಥೆ ಕಟ್ಟುವವನಲ್ಲ, ಸೈಕಲ್ ರಿಪೇರಿ ಮಾಡುತ್ತಿದ್ದವನು. ಅರವತ್ತರ ದಶಕದಲ್ಲಿ ಚನ್ನರಾಯಪಟ್ಟಣದ ಒಂದು ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಗ ನನ್ನ ಕಿವಿಯಾರೆ ಕೇಳಿದ್ದು ಇದು. ಈಗಲೂ ನೆನೆದರೆ ಹೆದರಿಕೆಗಿಂತ ಮೊದಲು ಸಿಟ್ಟೇ ಬರುತ್ತದೆ.

ಆಗ ಜನಕ್ಕೊಂದು ಹುಚ್ಚು ನಂಬಿಕೆ. ಪೆಡಲ್ ತುಳಿಯುವುದು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಬರುತ್ತದಲ್ಲ ಟಿಕ್ ಟಿಕ್ ಸದ್ದು, ಅದು ಜೋರಾಗಿದ್ದಷ್ಟೂ ಸೈಕಲ್ ಚೆನ್ನಾಗಿ ಓಡುತ್ತದಂತೆ! ನಮ್ಮ ಅಂಗಡಿಯ ಸಾಹುಕಾರ ಅದನ್ನೇ ಬಂಡವಾಳ ಮಾಡಿಕೊಂಡಿದ್ದ. ಆ ಸದ್ದು ಮಾಡುವ ಫ್ರೀವೀಲನ್ನು, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಯನ್ನು, ಸೀಮೆಎಣ್ಣೆಯಲ್ಲಿ ತೊಳೆಸಿ, ಒಳಗಿನ ಗ್ರೀಸೆಲ್ಲ ತೆಗೆಸಿ, ಒಣಗಿದ್ದನ್ನೇ ಹಾಕಿಸುತ್ತಿದ್ದ. ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಆದರೆ ಒಳಗೆ ಹಲ್ಲಿಗೆ ಕಚ್ಚಿಕೊಳ್ಳುವ ಪುಟ್ಟ ಕೊಕ್ಕೆಗಳು ಗ್ರೀಸಿಲ್ಲದೆ ಸವೆದು ಒಂದು ದಿನ ಕೈಕೊಡುತ್ತವೆ. ಅದನ್ನು ಹೇಳಿಯೂ ನೋಡಿದೆ.

"ನೀನ್ಯಾವ ಇಂಜಿನಿಯರ್‌ಲಾ? ಸುಮ್ಕೆ ತೊಳಿ" ಅಂದ. ತೊಳೆದೆ.

ಹಾಗೆ ತೊಳೆದ ಸೈಕಲ್ಲುಗಳಲ್ಲಿ ದಂಡಿಗನಹಳ್ಳಿಯ ಸಿದ್ದಯ್ಯನದೂ ಒಂದು. ಹಿಂಡಿ ಮೂಟೆ ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದವನು ಏರಿನಲ್ಲಿ ಎದ್ದು ನಿಂತು ತುಳಿದಿದ್ದಾನೆ. ಕೊಕ್ಕೆ ಜಾರಿ, ಪೆಡಲ್ ಬರಿದೇ ತಿರುಗಿ, ರಸ್ತೆಗೆ ಬಿದ್ದ. ಹಿಂದೆ ಲಾರಿಯಿತ್ತು...

"ಕುಡ್ದಿದ್ದ ಕಣ್ಲಾ" ಎಂದು ಸಾಹುಕಾರ ಊರೆಲ್ಲ ಹಬ್ಬಿಸಿದ. ಹೆಂಡವನ್ನು ಮೂಸಿಯೂ ನೋಡದ ಮನುಷ್ಯ ಸಿದ್ದಯ್ಯ! ಅಂಗಡಿಗೆ ಬಂದ ಆ ಸೈಕಲ್ಲಿನ ಫ್ರೀವೀಲನ್ನು ಬಿಚ್ಚಿ ನೋಡಿದ್ದವನು ನಾನು. ನಿಜ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೆ.

ತಿಂಗಳಾದ ಮೇಲೆ ಸಾಹುಕಾರ ಆ ಸೈಕಲ್ಲನ್ನು ಸರಿಮಾಡಿ ಸಿದ್ದಯ್ಯನ ಹೆಂಡತಿಗೆ ಕೊಟ್ಟು ಬರಲು ಹೇಳಿದ. "ಸೈಕಲ್‌ನಾಗೆ ಏನೂ ಐಬಿರ್ಲಿಲ್ಲ, ಕುಡ್ದು ಬಿದ್ದ ಅಂತ ಯೋಳ್ಬುಟ್ ಬಾ." ಹೊಸ ಫ್ರೀವೀಲ್ ಹಾಕಿ ಒಳಗೆ ಗ್ರೀಸ್ ತುಂಬಿದೆ. ತಳ್ಳಿದರೂ ಸದ್ದಿರಲಿಲ್ಲ. ಹೊರಡುವಾಗ ಕತ್ತಲಾಗಿತ್ತು.

ಅದೇ ಏರು... ತುಳಿಯುತ್ತಿದ್ದೇನೆ. ಹಿಂದಿನಿಂದ ಟಿಕ್... ಟಿಕ್... ಟಿಕ್...

ಯಾರೋ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾರೆ ಅಂದುಕೊಂಡು ಜೋರಾಗಿ ತುಳಿದೆ. ಸದ್ದೂ ಅಷ್ಟೇ ಜೋರಾಯಿತು. ತುಳಿಯುವಾಗ ಫ್ರೀವೀಲ್ ಸದ್ದು ಮಾಡುವುದಿಲ್ಲ. ತುಳಿಯದೆ ಯಾವ ಸೈಕಲ್ಲೂ ಇಷ್ಟು ಜೋರಾಗಿ ಏರು ಹತ್ತುವುದಿಲ್ಲ. ತಿರುಗಿ ನೋಡಿದೆ. ರಸ್ತೆ ಖಾಲಿ. ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿಯಿತು.

ಇಳಿದೆ. ಸದ್ದು ನಿಂತಿತು.

ಎಲ್ಲಿತ್ತೋ ಆ ಸಿಟ್ಟು, ಕಿರುಚಿಬಿಟ್ಟೆ. "ಯಾರ್ಲಾ ಅದು? ನನ್ನ ಯಾಕ್ಲಾ ಅಟ್ಟಿಸ್ಕಂಡ್ ಬತ್ತೀಯಾ? ತೊಳಿ ಅಂದವ್ನು ಪ್ಯಾಟೇಲಿ ಅವ್ನೆ, ಅವನ್ತಾವ ಓಗು!"

ಆ ಸದ್ದು ಮೊಣಕೈ ತಾಗುವಷ್ಟು ಹತ್ತಿರದಲ್ಲಿ ಟಿಕ್... ಟಿಕ್... ಎನ್ನುತ್ತ ನನ್ನನ್ನು ದಾಟಿ ಮುಂದೆ ಹೋಯಿತು, ಸಿದ್ದಯ್ಯನ ಊರಿನ ಕಡೆಗೆ.

ಸಿದ್ದಯ್ಯನ ಮನೆ ಮುಟ್ಟಿದಾಗ ಅವನ ಹೆಂಡತಿ ನಂಜಮ್ಮ ಲಾಟೀನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಆಗ್ಲೇ ಬಂದು ಜಗ್ಲಿ ತಾವ ನಿಂತ್ರಲ್ಲಣ್ಣ, ಸೈಕಲ್ ಸದ್ದು ಕೇಳ್ತು" ಎಂದು ಪಿಸುಗುಟ್ಟಿದಳು. "ತಿರ್ಗಾ ಎಲ್ಲಿಗೋಗಿದ್ರಿ?"

ಸಾಹುಕಾರ ಹೇಳಿಕೊಟ್ಟ ಮಾತು ಬಿಟ್ಟು, ಸೈಕಲ್ಲನ್ನು ಜಗುಲಿಗೆ ಒರಗಿಸಿದೆ. "ಸಿದ್ದಯ್ಯ ಕುಡ್ದಿರ್ಲಿಲ್ಲ ಕಣಕ್ಕ" ಎಂದೆ. "ಫ್ರೀವೀಲ್ ಜಾರ್ತು. ಅದ್ನ ಕೆಡಿಸ್ದೋನು ನಾನೇ."

ಅಳುತ್ತಾಳೆ ಅಂದುಕೊಂಡೆ. ಲಾಟೀನು ಕೆಳಗಿಟ್ಟು ನನ್ನ ಕೆನ್ನೆಗೆ ಬಾರಿಸಿದಳು.

"ಕುಡುಕನ ಹೆಣ ಅಂತ ಅವ್ರ ಒಡಹುಟ್ಟಿದ ಅಣ್ಣನೇ ಮಣ್ಣಿಗೆ ಬರ್ಲಿಲ್ಲ ಕಣಯ್ಯಾ! ಆವಾಗ ಎಲ್ಲಿ ಸತ್ತೋಗಿದ್ದೆ?"

ಮಾರನೆಯ ದಿನ ಆ ಅಣ್ಣನನ್ನೇ ಕರೆದುಕೊಂಡು ಹೋಗಿ, ಅಂಗಡಿ ಮುಂದೆ ಜನ ಸೇರಿದ್ದಾಗ, ಸಾಹುಕಾರನ ಎದುರಿಗೇ ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತು, ಹೋಗಲಿ.

ಏರಿನಲ್ಲಿ ನನ್ನನ್ನು ದಾಟಿ ಹೋದದ್ದು ಏನೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದೇ. ಅದು ನನಗಿಂತ ಮೊದಲು ಆ ಜಗುಲಿ ಮುಟ್ಟದೇ ಹೋಗಿದ್ದರೆ, ನಾನು ನಂಜಮ್ಮನಿಗೆ ಆ ಸುಳ್ಳನ್ನೇ ಹೇಳಿ, ಅವಳು ಕೊಟ್ಟ ಮಜ್ಜಿಗೆ ಕುಡಿದು, ಹಾಯಾಗಿ ವಾಪಸ್ ಬರುತ್ತಿದ್ದೆ...