ಡೂಗಲ್ ಪರ್ಡಿ ಕೂತು ಹೇಳಿದ ಸಾಕ್ಷಿ

ನಮ್ಮ ಊರಿಗೆ ಕ್ಲಾಖ್‌ಡರನ್ (ಅಂದರೆ ಡರನ್ ಕಲ್ಲು) ಎಂಬ ಹೆಸರು ಬಂದದ್ದು ಡರನ್ ನದಿಯ ದಡದಲ್ಲಿದ್ದ ಒಂದು ಗಡಿಕಲ್ಲಿನಿಂದ. ಯಾವುದೋ ರಾಜ ಅದರ ಮೇಲೆ ಕೂತು ಬೂಟಿನೊಳಗಿನ ನೀರು ಚೆಲ್ಲಿ, ಊರಿಗೆ ಸನ್ನದು ಬರೆದುಕೊಟ್ಟನಂತೆ. ಐವತ್ಮೂರರ ನೆರೆಯಲ್ಲಿ ಆ ಕಲ್ಲು ಕಾಣೆಯಾಯಿತು. ಕದ್ದವರು ಆಚೆ ದಡದ ಬಾಲ್‌ಗೋರಿಯವರೇ ಎಂದು ನಾವು ಎಪ್ಪತ್ತು ವರ್ಷ ಬೈದೆವು. ಎಲ್ಲರಿಗಿಂತ ಜೋರಾಗಿ ಬೈದವನು ಡೂಗಲ್ ಪರ್ಡಿ.

ಡೂಗಲ್ ಸಾಲ್ಮನ್ ಮೀನಿಗೆ ಬಲೆ ಬೀಸಿ ಬದುಕಿದವನು. ಪ್ರತಿ ಜೂನ್‌ನಲ್ಲಿ ನಾವು ಊರ ಗಡಿ ಸುತ್ತುವಾಗ, ಒಂದೊಂದು ಕಲ್ಲಿನ ಮೇಲೂ ಒಬ್ಬೊಬ್ಬರನ್ನು ಕೈಕಾಲು ಹಿಡಿದೆತ್ತಿ ಮೂರು ಸಲ ಕುಕ್ಕುತ್ತೇವೆ, ಜಾಗ ಮರೆಯದಿರಲಿ ಎಂದು. ಕಾಣೆಯಾದ ಆ ಕಲ್ಲಿನ ಮೇಲೆ ಚಿಕ್ಕಂದಿನಲ್ಲಿ ಕುಕ್ಕಿಸಿಕೊಂಡವರಲ್ಲಿ ಈಗ ಬದುಕಿರುವವನು ಇವನೊಬ್ಬನೇ.

ಹೋದ ವರ್ಷ ಊರಿಗೆ ಎಂಟುನೂರು ವರ್ಷ ತುಂಬಿತು. "ಕಲ್ಲು ತೋರ್ಸಿ, ಇಲ್ಲಾಂದ್ರೆ ಹೆಸರು ಬದಲಾಯಿಸ್ಕೊಳ್ಳಿ" ಎಂದು ಬಾಲ್‌ಗೋರಿಯವರು ಹಂಗಿಸಿದರು. ಊರಿನ ಅಧ್ಯಕ್ಷೆ ಟೆನೆಂಟ್ ಎಂಬಾಕೆ ನದಿಯಿಂದ ಐದು ಕಲ್ಲು ಎತ್ತಿಸಿ ಡೂಗಲ್‌ನನ್ನು ಕರೆಸಿದಳು.

"ಪರ್ಡಿಯವರೇ, ಕೂತು ಹೇಳಿ."

ಅವನು ಕಣ್ಣು ಮುಚ್ಚಿ ಒಂದೊಂದರ ಮೇಲೂ ಕೂತ.

"ಯಾವ್ದೂ ಅಲ್ಲ. ಬಲಗಡೆ ಒಂದು ಉಬ್ಬಿತ್ತು."

"ಅಷ್ಟು ಹಳೇದು ನೆನಪಿದ್ಯಾ ಅಜ್ಜಾ?" ಎಂದೆ ನಾನು.

"ತಲೆ ಮರೆಯುತ್ತೆ ಕಣೋ, ಅಂಡು ಮರೆಯಲ್ಲ!"

ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಹೋಗಿ, ಬೂಟು ಬಿಚ್ಚಲು ಬಾಗಿಲ ಮೆಟ್ಟಿಲ ಮೇಲೆ ಕೂತವನು ಚಂಗನೆ ಎದ್ದ.

"ಸೆಂಗಾ! ಮೆಟ್ಟಿಲ ಮೇಲಿನ ನನ್ನ ದಿಂಬೆಲ್ಲೇ?"

"ಒಗೆಯೋಕೆ ಹಾಕಿದೀನಿ. ಐವತ್ತು ವರ್ಷದಿಂದ ಅದನ್ನ ಬಿಟ್ಟು ಎದ್ದಿದ್ರೆ ತಾನೇ ಒಗೆಯೋದು!" ಎಂದಳು ಹೆಂಡತಿ.

"ಈ ಮೆಟ್ಟಿಲು ಬಲಗಡೆ ಉಬ್ಬಿದೆಯಲ್ಲೇ!"

"ಅದಾ? ಬೂಟಿನ ಕೆಸರು ಕೆರೆಯೋಕೆ ಚೆನ್ನಾಗಿದೆ ಅಂತ ನೆರೆ ಇಳಿದ್ಮೇಲೆ ನಿಮ್ಮಪ್ಪನೇ ಆ ಕಲ್ಲನ್ನ ನದಿಯಿಂದ ಹೊತ್ಕೊಂಡು ಬಂದಿದ್ರಂತೆ."

ಮೂರು ದಿನ ಅವನಿಗೆ ಚಹಾವೂ ಇಳಿಯಲಿಲ್ಲ. ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಊರಿನ ಹೆಸರು. ನಾಲ್ಕನೆಯ ದಿನ ಸೇತುವೆ ದಾಟಿ, ಬಾಲ್‌ಗೋರಿಯವರ ಮುಂದೆಯೇ ಟೋಪಿ ತೆಗೆದು ಎಲ್ಲ ಒಪ್ಪಿಕೊಂಡ. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ, ಅವತ್ತು ಆ ಮುದುಕನ ಮೇಲೆ ನನಗೆ ನಿಜವಾಗಿಯೂ ಪ್ರೀತಿ ಬಂತು.

ಈ ಜೂನ್‌ನಲ್ಲಿ ಕಲ್ಲು ಮತ್ತೆ ದಡ ಸೇರಿತು. ಡೂಗಲ್‌ನ ಕೈಕಾಲು ಹಿಡಿಯುವ ಮರ್ಯಾದೆಯನ್ನು ಬಾಲ್‌ಗೋರಿಯವರಿಗೇ ಕೊಟ್ಟೆವು. ಮೂರು ಕುಕ್ಕಿದರು. ಅವನು ಏಳಲು ಹೋದ.

"ಎಲ್ಲಿಗೆ ಹೊರಟ್ರಿ? ಇದು ಕಲ್ಲಿನ ಲೆಕ್ಕ. ಎಪ್ಪತ್ತು ವರ್ಷದ ಬೈಗುಳದ್ದು ಈಗ ಶುರು," ಎಂದರು ಅವರು.

"ಸೆಂಗಾ, ದಿಂಬು!"

ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ಎದುರಿಗೇ ನಿಂತಿದ್ದ ಸೆಂಗಾ ಹೇಳಿದಳು: "ಒಗೆಯೋಕೆ ಹಾಕಿದೀನಿ ರೀ."