ಗಾಡಿಯ ಅಡಿಯ ಒಂಬತ್ತು ಮೊಳೆ

"ಒಂಬತ್ತು ಮೊಳಿ ಇದ್ದೂವಲ್ಲ, ಎಲ್ಲಿ ಹೋದೂ?"

ಕಳೆದ ಭಾನುವಾರ ನಾನು ಮುಧೋಳದಿಂದ ರಬಕವಿಯ ತವರಿಗೆ ಹೊತ್ತು ತಂದ ಗಾಡಿಯನ್ನು ಮಗುಚಿ ನೋಡಿ, ಎದುರುಮನೆ ಗಂಗವ್ವ ಕೇಳಿದ ಮೊದಲ ಪ್ರಶ್ನೆ ಇದು. ಗಾಡಿ ಅಂದರೆ ಮಕ್ಕಳು ಹಿಡಿದುಕೊಂಡು ನಡೆಯಲು ಕಲಿಯುವ, ಮೂರು ಗಾಲಿಯ ಕಟ್ಟಿಗೆ ಗಾಡಿ. (ಈಗಿನ ವಾಕರ್‌ನಲ್ಲಿ ಲೈಟು, ಹಾಡು ಎಲ್ಲ ಇರುತ್ತವೆ. ಇದರಲ್ಲಿ ಗಾಲಿಯ ಕಟಕಟ ಅಷ್ಟೇ.)

ಅದನ್ನು ಮಾಡಿದ್ದು ನಮ್ಮಪ್ಪ. ಹಾಗಂತ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನು. ಅಪ್ಪ ನೇಕಾರ. ಹಳೇ ಮಗ್ಗದ ಕಟ್ಟಿಗೆ ಕತ್ತರಿಸಿ, ಹಿಡಿಕೆ ಪುಟ್ಟ ಕೈಗೆ ಚುಚ್ಚದ ಹಾಗೆ ಉಜ್ಜಿ, ಸುತ್ತಿಗೆ ಹಿಡಿದು ಕುಳಿತ ಅಪ್ಪ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾನೆ. ಕಾಲೇಜಿನ ದಿನಗಳ ಡೈರಿಯಲ್ಲೂ ಹಾಗೇ ಬರೆದಿದ್ದೇನೆ. ಬರೆದಿದ್ದೇನೆ ಅಂದಮೇಲೆ ಖರೆಯೇ ಇರಬೇಕಲ್ಲ?

ಪ್ಲಾಸ್ಟಿಕ್ ವಾಕರ್ ಬಂದಮೇಲೆ ಗಾಡಿ ಅವ್ವನ ಅಟ್ಟ ಸೇರಿತ್ತು. ನನ್ನ ಮಗಳು ಎದ್ದು ನಿಲ್ಲತೊಡಗಿದಾಗ ಇಳಿಸಿ ಒಯ್ದೆ. ಎರಡೇ ತಿಂಗಳು, ಗಾಡಿ ಬಿಟ್ಟು ಓಡಿದಳು. ಇನ್ನು ಅಪ್ಪನ ನೆನಪಿಗೆ ಟಿವಿ ಪಕ್ಕ ಇಡೋಣವೆಂದು ಪಾಲಿಶ್‌ಗೆ ಕೊಟ್ಟೆ. ಅಡಿಯ ಪಟ್ಟಿಯಲ್ಲಿ ಹಿತ್ತಾಳೆ ಮೊಳೆಗಳು ಕಪ್ಪಾಗಿದ್ದವು.

"ತಗದ ಬಿಡ್ಲೇನ್ರಿ ಮೇಡಂ?" ಅಂದ ಪಾಲಿಶ್‌ನವನು. ತೆಗೀರಿ ಅಂದೆ.

ಪಾಲಿಶ್ ಆಗಿ ಗಾಡಿ ಮನೆಗೆ ಬಂದ ದಿನವೇ ಅವ್ವನ ಫೋನು. "ಗಂಗವ್ವನ ಮೊಮ್ಮಗ ಗೋಡಿ ಹಿಡದ ನಿಂದ್ರಾಕತ್ತಾನ. ಆ ಪ್ಲಾಸ್ಟಿಕಿನ್ಯಾಗ ಇಟ್ರ ಸಾಹೇಬ್ರಗತೆ ಕುಂತ ಬಿಡತಾನ. ಗಾಡಿ ತಗೊಂಡ ಬಾ."

ನಮ್ಮಪ್ಪನ ಗಾಡಿ ಅವರಿಗೇಕೆ? ಕೊಟ್ಟು, ಬೇಗ ವಾಪಸು ತರೋಣ ಅಂದುಕೊಂಡೇ ಮಗಳನ್ನೂ ಕರೆದುಕೊಂಡು ಬಸ್ ಹತ್ತಿದ್ದೆ.

"ಕರ್ರಗಾಗಿದ್ದೂ ಚಿಗವ್ವ, ತಗಸೀನಿ" ಅಂದೆ ಗಂಗವ್ವನಿಗೆ.

"ತಗಸೀಯಾ! ಎಂ.ಎ. ಓದಿ ಇದನ್ನ ಕಲತೇನ ಬೇ? ಅದರಾಗ ನನ್ನ ಮಗಂದ ಮೊಳಿ ಇತ್ತು. ನಿಂದೂ ಇತ್ತು."

ಆಗ ಗೊತ್ತಾಯಿತು. ನಮ್ಮ ಓಣಿಯಲ್ಲಿ ಕೂಸು ಗಾಡಿ ಬಿಟ್ಟು ನಡೆದ ದಿನ ಅಪ್ಪನಾದವನು ಅದರ ಅಡಿಗೆ ಒಂದು ಮೊಳೆ ಹೊಡೆಯಬೇಕು. ಆಮೇಲೆ ಗಾಡಿ ಮುಂದಿನ ಕೂಸಿನ ಮನೆಗೆ. ಅದು ಯಾರ ಮನೆಯದೂ ಅಲ್ಲ.

"ಆದ್ರ ಮಾಡಿದ್ದು ನಮ್ಮಪ್ಪ ಅಲ್ಲೇನ?"

ಗಂಗವ್ವ ನಕ್ಕೇಬಿಟ್ಟಳು. "ನಿಮ್ಮಪ್ಪಗ ಒಂದ ಗೂಟಾ ನೆಟ್ಟಗ ಬಡ್ಯಾಕ ಬರತಿದ್ದಿಲ್ಲ! ನೀ ಹುಟ್ಟೂಕಿಂತ ಮದ್ಲ ಹುನ್ನೂರಿನ ಬಡಿಗ್ಯಾ ಮಾಡಿದ್ದದು."

ಹಾಗಾದರೆ ಆ ಸುತ್ತಿಗೆ? ನನ್ನ ಮೊಳೆ ಹೊಡೆದಾಗ ನನಗೆ ವರ್ಷ ತುಂಬಿರಲಿಲ್ಲ, ನೆನಪಿರಲು ಸಾಧ್ಯವೇ ಇಲ್ಲ. ನಾನು ಕಂಡದ್ದು ತಮ್ಮನ ಮೊಳೆ ಹೊಡೆಯುತ್ತಿದ್ದ ಅಪ್ಪನನ್ನು ಇರಬೇಕು. ಮಿಕ್ಕಿದ್ದನ್ನೆಲ್ಲ, ಮಗ್ಗದ ಕಟ್ಟಿಗೆಯನ್ನೂ ಸೇರಿಸಿ, ನಾನೇ ಜೋಡಿಸಿಕೊಂಡೆನೇ?

ಅವ್ವನ ಕಡೆ ತಿರುಗಿದೆ. "ನೀ ಯಾಕ ಇಷ್ಟ ದಿನ ಹೇಳಲಿಲ್ಲಬೇ?"

"ಅಪ್ಪ ಮಾಡಿದ್ದಂತ ನೀ ಹೇಳೂಮುಂದ ನಿನ್ನ ಮಾರಿ ಭಾಳ ಛಲೋ ಕಾಣತಿತ್ತು. ಸುಮ್ಮನಿದ್ದೆ."

ಪುಣ್ಯಕ್ಕೆ ಪಾಲಿಶ್‌ನವನು ಕಟ್ಟಿಕೊಟ್ಟ ಮೊಳೆಗಳ ಪೊಟ್ಟಣ ಬ್ಯಾಗಿನಲ್ಲೇ ಉಳಿದಿತ್ತು. ಅಂಗೈಗೆ ಸುರಿದುಕೊಂಡೆ. ಒಂಬತ್ತೂ ಒಂದೇ ಥರ. ಯಾವುದು ಯಾರದು?

"ಯಾವುದರ ಆಗಲಿ, ಹೊಳ್ಳಿ ಹೊಡಿ" ಅಂದಳು ಗಂಗವ್ವ. "ನಿನ್ನ ಮಗಳದೂ ಹೊಡಿ."

ಅವ್ವ ಡಬ್ಬಿ ತಡಕಾಡಿ ಹತ್ತನೆಯ ಮೊಳೆ ತಂದಳು. ಒಂಬತ್ತರ ಜೊತೆ ಅದನ್ನೂ ನಾನೇ ಹೊಡೆದೆ. ಗಾಡಿ ವಾಪಸು ಯಾವಾಗ ಅಂತ ಕೇಳಲಿಲ್ಲ. ಅಷ್ಟರಲ್ಲಾಗಲೇ ಗಂಗವ್ವನ ಮೊಮ್ಮಗ ಹಿಡಿಕೆ ಹಿಡಿದು ಎರಡು ಹೆಜ್ಜೆ ಇಟ್ಟಿದ್ದ.

ಗಂಗವ್ವನ ಸೊಸೆ ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿದ್ದಾಳೆ. ಅದರಲ್ಲಿ ಸುತ್ತಿಗೆ ಹಿಡಿದ ನಾನು, ಹೊಸದರಂತೆ ಹೊಳೆಯುವ ಗಾಡಿ, ಪಕ್ಕದಲ್ಲಿ ಮಗಳು. ಮುಂದೊಂದು ದಿನ ಅವಳು ಅದನ್ನು ಯಾರಿಗೋ ತೋರಿಸಿ, "ಈ ಗಾಡಿ ನಮ್ಮವ್ವ ಮಾಡ್ಯಾಳ" ಅಂತ ಮುಖ ಅರಳಿಸಿ ಹೇಳಿದರೆ, ನಾನು ಬಾಯಿ ಬಿಡಲೇ?