ಆರ್.ಟಿ. ನಗರದಲ್ಲಿ ಚಿಕಾಗೊ ಕಮಾನು

ಆ ಕಮಾನಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಟ್ಟಿಗೆ ಗಾರೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹೆಂಗಸು ಎಂಥವಳು ಎಂದು ನಗುವವರು ನಗಲಿ. ಅದರ ಕೆಳಗೆ ನಿಂತು ನಾನು ಕೇಳಿಸಿಕೊಂಡದ್ದನ್ನು ಅವರು ಕೇಳಿಸಿಕೊಂಡಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಆರ್.ಟಿ. ನಗರದಲ್ಲಿ ಸೈಟು ಸಿಕ್ಕವರೆಲ್ಲ ಮನೆ ಕಟ್ಟಿಸುತ್ತಿದ್ದರು. ಯಾವ ಬೀದಿಗೆ ಹೋದರೂ ಮರಳಿನ ರಾಶಿ, ಅದರ ಮೇಲೆ ಮಲಗಿದ ನಾಯಿ. ನನ್ನ ಮಾವ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನನ್ನ ಅಪ್ಪ ಬಿಜಾಪುರದಿಂದ ಬಂದು ಅಲ್ಲೇ ಗುಮಾಸ್ತರಾಗಿದ್ದರು. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಟೀ ಕುಡಿದು ಕುಡಿದು ಬೀಗರಾದರು. ಮದುವೆಗೆ ಮುಂಚೆ ನಾನು ಕೇಳಿದ್ದು ಒಂದೇ: ಬಿ.ಎಡ್. ಮಾಡಿದ್ದೇನೆ, ಟೀಚರ್ ಕೆಲಸಕ್ಕೆ ಹೋಗಬೇಕು. "ಧಾರಾಳವಾಗಿ ಹೋಗ್ಲಿ, ನಮ್ದೇನೂ ಅಭ್ಯಂತರ ಇಲ್ಲ" ಎಂದು ಮಾವ ಹತ್ತು ಜನರ ಎದುರಿಗೆ ಒಪ್ಪಿದ್ದರು.

ಮದುವೆಯಾಗಿ ಕೆಲವು ತಿಂಗಳಿಗೆ ಯಲಹಂಕದ ಒಂದು ಶಾಲೆಯಿಂದ ಕರೆ ಬಂತು. ಗಣಿತ, ವಿಜ್ಞಾನ ಎರಡೂ ನನಗೇ. ನಾನು ಕುಣಿದುಬಿಟ್ಟೆ. ಮಾವ ಮಾತ್ರ, "ಗೃಹಪ್ರವೇಶ ಒಂದು ಆಗ್ಬಿಡ್ಲಿ ಕಣಮ್ಮ, ಆಮೇಲೆ ಸೇರ್ಕೊಳ್ಳೋವಂತೆ" ಅಂದರು. ಶಾಲೆಯ ಹೆಡ್‌ಮೇಡಂ ಒಳ್ಳೆಯವರು, ಬೇಸಿಗೆ ರಜೆ ಮುಗಿಯುವವರೆಗೆ ಕಾಯುತ್ತೇನೆ ಎಂದರು. ಮನೆ ಬೇಗ ಏಳಲಿ ಎಂದು ಮಾವನಿಗಿಂತ ಹೆಚ್ಚು ಹರಸಿಕೊಂಡವಳು ನಾನೇ.

ಅಷ್ಟರಲ್ಲಿ ಆ ಹಾಳು ಕ್ಯಾಲೆಂಡರ್ ಬಂತು. ಕಾರ್ಖಾನೆಗೆ ಯಂತ್ರ ಕಳಿಸುತ್ತಿದ್ದ ಅಮೆರಿಕದ ಕಂಪನಿಯೊಂದು ಹೊಸ ವರ್ಷಕ್ಕೆ ಕೊಟ್ಟಿದ್ದು. ತಿಂಗಳಿಗೊಂದು ಕಪ್ಪು ಬಿಳುಪು ಫೋಟೋ, ಎಲ್ಲವೂ ಚಿಕಾಗೊ ನಗರದ ಹಳೆಯ ಕಟ್ಟಡಗಳು, ಎಲ್ಲದರಲ್ಲೂ ಕಮಾನು. ಉಗ್ರಾಣದ ಬಾಗಿಲಿಗೆ ಕಮಾನು, ಬ್ಯಾಂಕಿನ ಮುಂದೆ ಜೋಡಿ ಕಮಾನು, ರೈಲ್ವೆ ನಿಲ್ದಾಣಕ್ಕೆ ಇಡೀ ಮನೆ ನುಂಗುವಷ್ಟು ಅಗಲದ ಕಮಾನು. ಸುಳ್ಳೇಕೆ, ನನಗೂ ಅವು ಬಹಳ ಹಿಡಿಸಿದವು. ಕಮಾನು ನನಗೆ ಹೊಸದಲ್ಲ. ಬಿಜಾಪುರದಲ್ಲಿ ನಾನು ಸಾಲೆಗೆ ಹೋಗುತ್ತಿದ್ದ ದಾರಿಯಲ್ಲೇ ಹಾಳುಬಿದ್ದ ಕಮಾನುಗಳ ಸಾಲಿತ್ತು. ಅವುಗಳ ನೆರಳಿನಲ್ಲಿ ಆಡು ಮಲಗುತ್ತಿದ್ದವು, ನಾವು ಕುಂಟಬಿಲ್ಲೆ ಆಡುತ್ತಿದ್ದೆವು. ಎರಡೂ ಪಕ್ಕ ದಪ್ಪ ಗೋಡೆ ಉಳಿದಿದ್ದ ಕಮಾನುಗಳು ಜಗ್ಗದೆ ನಿಂತಿದ್ದವು. ಪಕ್ಕದ ಗೋಡೆಯ ಕಲ್ಲನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ ಅಂಥದ್ದು ನೆಲಕ್ಕೆ ಬಿದ್ದಿರುತ್ತಿತ್ತು. ಇದನ್ನು ನೋಡಲು ಬಿ.ಎಡ್. ಬೇಕಿಲ್ಲ, ಕಣ್ಣಿದ್ದರೆ ಸಾಕು.

ಮಾವ ಉಗ್ರಾಣದ ಬಾಗಿಲಿನ ಫೋಟೋ ಕತ್ತರಿಸಿ, ಕಟ್ಟು ಹಾಕಿಸಿ, ಬಾಡಿಗೆ ಮನೆಯ ದೇವರ ಪಟಗಳ ಪಕ್ಕಕ್ಕೇ ಮೊಳೆ ಹೊಡೆದರು. ಹೊಸ ಮನೆಯ ಪೋರ್ಟಿಕೋಗೆ ಅಂಥದ್ದೇ ಬೇಕು ಎಂದು ಮೇಸ್ತ್ರಿಗೆ ತೋರಿಸಿದರು. ಮೇಸ್ತ್ರಿ ಜನ್ಮದಲ್ಲಿ ಒಂದು ಕಮಾನು ಕಟ್ಟಿದವನಲ್ಲ. "ಮಾಡೋಣ ಬಿಡಿ ಸಾರ್, ಅದೇನ್ ಮಹಾ" ಎಂದು ಶುರುಮಾಡಿಯೇಬಿಟ್ಟ. ಒಂದು ಕಡೆ ಮನೆಯ ಗೋಡೆ, ಇನ್ನೊಂದು ಕಡೆ ಕಬ್ಬಿನ ಜಲ್ಲೆಯಂಥ ಕಂಬ. ಕೆಳಗೆ ಆಸರೆಗೆ ಸೆಂಟ್ರಿಂಗ್ ಮರ ಕೊಟ್ಟು, ಅದರ ಮೇಲೆ ಇಟ್ಟಿಗೆಗಳನ್ನು ಬಾಗಾಗಿ ಜೋಡಿಸಿದರು. ನೋಡಲು ಚೆನ್ನಾಗಿಯೇ ಇತ್ತು.

ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಯಾಕಿರಬೇಕಿತ್ತು? ಫೋಟೋ ಕೈಯಲ್ಲಿ ಹಿಡಿದೇ ಹೇಳಿದೆ, "ಮಾವಾರ, ಇಲ್ಲಿ ನೋಡ್ರಿ, ಎರಡೂ ಕಡೆ ಗೋಡಿ ಐತಿ. ನಮ್ಮದಕ್ಕ ಒಂದ ಕಡೆ ಬರೇ ಕಂಬ. ಕಮಾನು ಬಗಲಿಗೆ ದಬ್ಬತೈತ್ರಿ. ಸೆಂಟ್ರಿಂಗ್ ತಗದ್ರ ಬೀಳತೈತಿ."

ಮಾವ ನಕ್ಕರು. ಅತ್ತೆ ನಗಲಿಲ್ಲ. "ಶುಭಕಾರ್ಯ ಇಟ್ಕೊಂಡಿರೋ ಮನೇಲಿ ಇದೇನೇ ಅಪಶಕುನ ನುಡೀತೀಯಾ? ಬಿಡ್ತು ಅನ್ನು" ಅಂದರು. ನಾನು ಅನ್ನಲಿಲ್ಲ. ನಾನು ನುಡಿದದ್ದು ಅಪಶಕುನವಲ್ಲ, ಭಾರದ ಲೆಕ್ಕ. ಬಿಡ್ತು ಎಂದರೆ ಲೆಕ್ಕ ಬದಲಾಗುತ್ತದೆಯೇ?

ಗೃಹಪ್ರವೇಶದ ಹಿಂದಿನ ಸಂಜೆ ಪೂಜೆ ಮಾಡಿಸುವ ಅಯ್ಯನವರು ಬಂದು ನೋಡಿದರು. ಬೆಳಿಗ್ಗೆ ಮುಹೂರ್ತಕ್ಕೆ ಹಸು ಕರು ಮೊದಲು ಒಳಗೆ ಹೋಗಬೇಕು, ಅದೂ ತಲೆಬಾಗಿಲಿನಿಂದಲೇ. ತಲೆಬಾಗಿಲ ಮುಂದೆಯೇ ಕಮಾನು, ಕಮಾನಿನ ತುಂಬ ಸೆಂಟ್ರಿಂಗ್ ಮರ. ಹಸು ನುಗ್ಗುವುದು ಹೇಗೆ? "ತೆಗೆದುಹಾಕ್ರಯ್ಯ" ಎಂದರು ಮಾವ. ಮೇಸ್ತ್ರಿ ತಲೆ ಕೆರೆದುಕೊಂಡು, "ಸಿಮೆಂಟು ಜಾಸ್ತೀನೇ ಹಾಕಿದೀನಿ ಸಾರ್, ಏನೂ ಆಗಲ್ಲ" ಅಂದ. ನಾನು ಗಂಡನ ಮುಖ ನೋಡಿದೆ. ಗಂಡ ಎನಿಸಿಕೊಂಡವರು ಬಾಯಿಗೆ ಕಡುಬು ತುರುಕಿಕೊಂಡವರ ಹಾಗೆ ನಿಂತಿದ್ದರು. ಮರ ತೆಗೆದರು. ಕಮಾನು ಬೀಳಲಿಲ್ಲ. ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟವಿದೆಯಲ್ಲ, ಅದನ್ನೂ ನಾನು ಮರೆತಿಲ್ಲ.

ಬೆಳಿಗ್ಗೆ ಹಸು ಹೋಯಿತು, ಕರು ಹೋಯಿತು, ಹಸು ನಡುಮನೆಯಲ್ಲೇ ಸಗಣಿ ಹಾಕಿತೆಂದು ಎಲ್ಲರೂ ಹಿಗ್ಗಿದರು. ಮಧ್ಯಾಹ್ನ ಎರಡನೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದಾಗ ಹೊರಗೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ಕಂಬ ಆಚೆಗೆ ವಾಲಿ, ಕಮಾನು ಪೂರಾ ಕುಸಿದಿತ್ತು. ದೇವರ ದಯೆ, ಅದರ ಕೆಳಗೆ ಯಾರೂ ಇರಲಿಲ್ಲ. ಇದ್ದದ್ದು ಬಂದವರ ಚಪ್ಪಲಿಗಳು. ದೂರದ ನೆಂಟರಿಷ್ಟರೆಲ್ಲ ತಾಂಬೂಲ ಹಿಡಿದುಕೊಂಡು, ಬರಿಗಾಲಿನಲ್ಲಿ ಹೆಬ್ಬಾಳದ ಬಸ್ಸು ಹಿಡಿಯಲು ಹೋದರು.

ಆಗ ಯಾರನ್ನು ಬೈಯಬೇಕಿತ್ತು? ಮಾವನನ್ನು. ಮೇಸ್ತ್ರಿಯನ್ನು. ಹಸುವಿಗೆ ದಾರಿ ಕೇಳಿದ ಅಯ್ಯನವರನ್ನು ಬೇಕಾದರೂ ಬೈಯಬಹುದಿತ್ತು. ಅತ್ತೆಯ ಅಕ್ಕ, ಹೆಸರಘಟ್ಟದ ದೊಡ್ಡಮ್ಮ, ಇಟ್ಟಿಗೆ ರಾಶಿಯ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಬೀಳ್ತದೆ ಅಂತ ಮೊದ್ಲೇ ಏಳಿದ್ದು ಯಾರು?"

ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮ ನನ್ನ ಗದ್ದ ಹಿಡಿದು, "ನಾಲ್ಗೆ ತೆಗಿ" ಅಂದಳು. ಹೊಸ ಸೊಸೆ, ಆ ಗದ್ದಲ, ಏನೆಂದು ತಿಳಿಯುವ ಮೊದಲೇ ನಾನು ನಾಲಿಗೆ ಚಾಚಿದ್ದೆ. ಊಟವಾಗಿ ಎಲೆಅಡಿಕೆ ಹಾಕಿಕೊಂಡಿದ್ದೆ, ನಾಲಿಗೆ ರಕ್ತದಂತೆ ಕೆಂಪಗಿತ್ತು. ಆ ಕೆಂಪಿನಲ್ಲಿ ಅವಳಿಗೆ ಕಪ್ಪು ಮಚ್ಚೆ ಕಂಡಿತು. "ಕರಿನಾಲ್ಗೆ ಕಣವ್ವ ನಿನ್ ಸೊಸೆ. ಇವ್ಳು ಅಂದಿದ್ದು ಆಗೇ ಆಗ್ತದೆ" ಎಂದಳು. ಆಮೇಲೆ ನಾನು ಕನ್ನಡಿಯಲ್ಲಿ ಎಷ್ಟು ಸಲ ನೋಡಿಕೊಂಡೆನೋ. ಎಳ್ಳಿನಷ್ಟು ಕಪ್ಪೂ ಇರಲಿಲ್ಲ.

ಅವತ್ತಿನಿಂದ ಮನೆಯಿಂದ ಯಾರಾದರೂ ಹೊರಡುವಾಗ ನನ್ನನ್ನು ಅಡುಗೆಮನೆಗೆ ಕಳಿಸುತ್ತಿದ್ದರು. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಚಿಲಕವನ್ನೇ ಹಾಕಿದರು. ಪಾತ್ರೆಗಳ ಮಧ್ಯೆ ಕೂತು ನಾನು ಹಲ್ಲು ಕಡಿದೆ. ಶಾಲೆಯ ವಿಷಯ ಎತ್ತಿದಾಗ ಮಾವ ಹೇಳಿದ್ದು ಇದು: "ಈ ಬಾಯಿ ಇಟ್ಕೊಂಡು ಮಕ್ಳ ಮಧ್ಯ ಹೋಗ್ತೀಯಾ? ಯಾವ ಮಗೂಗೆ ಏನ್ ಅಂದ್ಬಿಡ್ತೀಯೋ ಏನೋ. ಬೇಡಮ್ಮ, ಪಾಪ ಸುತ್ಕೊಳ್ಳುತ್ತೆ." ಹತ್ತು ಜನರ ಎದುರು ಕೊಟ್ಟ ಮಾತು ಎಲ್ಲಿ ಹೋಯಿತು ಎಂದು ಕೇಳಿದೆ. ಮಾವ ರೇಡಿಯೋದ ಸದ್ದು ಜಾಸ್ತಿ ಮಾಡಿದರು.

ಪೋರ್ಟಿಕೋಗೆ ಮತ್ತೆ ಕಮಾನು ಬಂತು. ಈ ಸಲ ಕಬ್ಬಿಣ ಹಾಕಿ ನೇರವಾದ ಕಾಂಕ್ರೀಟ್ ತೊಲೆ ಎರಕ ಹೊಯ್ದು, ಅದರ ಕೆಳಗೆ ಗಾರೆಯಲ್ಲಿ ಬಾಗು ಮಾಡಿ ಅಂಟಿಸಿದರು. ಕಮಾನಿನ ವೇಷ ಹಾಕಿದ ತೊಲೆ. ಚಿಕಾಗೊದವರು ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಗಟ್ಟಿಯಾಗಿತ್ತು. ಆನೆ ನಿಲ್ಲಿಸಿದರೂ ಅದು ಅಲುಗುತ್ತಿರಲಿಲ್ಲ, ಅದು ನನಗೆ ನೋಡಿದ ಕೂಡಲೇ ಗೊತ್ತಾಯಿತು.

ಜೂನ್ ಬಂತು. ಸೋಮವಾರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮೇಡಂ ಅಪ್ಪನ ಕೈಲಿ ಹೇಳಿ ಕಳಿಸಿದರು. ಅವತ್ತು ಸಂಜೆ ಮಾವ ಹೊಸ ಕಮಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅತ್ತೆ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ. ಕತ್ತೆತ್ತಿ ಕಮಾನನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದೆ.

"ಇದೂ ಬೀಳತೈತ್ರಿ" ಅಂದೆ.

ಅತ್ತೆಯ ಕೈಯಿಂದ ಮೊರ ಜಾರಿತು. ಮಾವ ಪೇಪರ್ ಕೆಳಗಿಳಿಸಿದರು.

"ನಾ ಸೋಮವಾರ ಸಾಲಿಗೆ ಹೋಗಲಿಲ್ಲಂದ್ರ, ಖರೇನ ಬೀಳತೈತಿ."

ಮಾವ ಎದ್ದು, ಕುರ್ಚಿಯನ್ನು ಎಳೆದುಕೊಂಡು ಅಂಗಳದ ಬಿಸಿಲಿಗೆ ಹೋಗಿ ಕೂತರು. ಅಂದರೆ ಒಪ್ಪಿದರು.

ಗೆದ್ದೆ ಎಂದು ಖುಷಿಪಡಬೇಕಿತ್ತು. ಒಳಗೆ ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ಫೋಟೋ ಹಿಡಿದು, ಗೋಡೆ ತೋರಿಸಿ, ಬಿಡಿಸಿ ಬಿಡಿಸಿ ನಿಜ ಹೇಳಿದಾಗ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಹಸಿ ಸುಳ್ಳು ಹೇಳಿದಾಗ ಗಂಡಸು ಕುರ್ಚಿ ಸಮೇತ ಎದ್ದು ಓಡಿದ. ಓದಿದವಳನ್ನು ಆ ಮನೆ ನಂಬಲಿಲ್ಲ, ಮಾಟಗಾತಿಯನ್ನು ನಂಬಿತು. ಟೀಚರ್ ಕೆಲಸವನ್ನು ನಾನು ನಿವೃತ್ತಿಯವರೆಗೆ ಮಾಡಿದೆ, ಸಿಟ್ಟು ಮಾತ್ರ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ ತಾವೇ ಡಬ್ಬಿ ಕಟ್ಟಿ ತಂದರು. ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಡಬ್ಬಿ ಕೈಗಿಟ್ಟು, ಎಂದೂ ಇಲ್ಲದ ಮೆದು ದನಿಯಲ್ಲಿ ಕೇಳಿದರು, "ಹೋಗೋ ಮುಂಚೆ ಒಂದು ಒಳ್ಳೇ ಮಾತು ಆಡಿ ಹೋಗಮ್ಮ. ಮನೆ ಚೆನ್ನಾಗಿರ್ಲಿ ಅಂತ, ಅಷ್ಟೇ."

ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ, ಗೇಟು ತೆಗೆದೆ, ಒಂದು ಮಾತೂ ಆಡದೆ ಬಸ್‌ಸ್ಟಾಪಿನ ಕಡೆ ನಡೆದೆ.